ಸರೋಜ ಬರೆದುಕೊಳ್ಳದ ಹತ್ತು ನಿಮಿಷ

ಹೋದ ಭಾನುವಾರ ನಾನು ಜೋರಾಗಿ ಕಿರುಚಿಕೊಂಡೆ. ಅದೂ ಎಲ್ಲಿ? ಕುಂದಾಣದ ಹೊಲಗಳ ಮೇಲೆ, ಆಕಾಶದಲ್ಲಿ!

ಸರೋಜ ನನ್ನ ಚಿಕ್ಕಮ್ಮನ ಮಗಳು. ದೊಡ್ಡಬಳ್ಳಾಪುರದಲ್ಲಿ ಪವರ್‌ಲೂಮುಗಳ ಸದ್ದಿನ ನಡುವೆ ಓದಿ ಬೆಳೆದ ಹುಡುಗಿ. ಈಗ ಪೈಲಟ್. (ಚಿಕ್ಕಮ್ಮ ಮಾತ್ರ ನೆಂಟರ ಹತ್ತಿರ ಇವತ್ತಿಗೂ ‘ಬೆಂಗಳೂರಲ್ಲಿ ಏನೋ ಟ್ರೈನಿಂಗು’ ಅಂತಲೇ ಹೇಳುವುದು.) ಹೊಸಬರಿಗೆ ವಿಮಾನ ಹಾರಿಸಲು ಆಗಲೇ ಕಲಿಸುತ್ತಾಳೆ. ಅಷ್ಟಕ್ಕೆ ಸಮಾಧಾನವಿಲ್ಲ. ಹೊರಗೆ ನೋಡದೆ, ಎದುರಿನ ಮೀಟರುಗಳನ್ನು ಮಾತ್ರ ನೋಡಿ ಹಾರಿಸುವುದನ್ನೂ ಕಲಿಸಬೇಕಂತೆ. ಅದಕ್ಕೆ ಮೊದಲು ತಾನೇ ಹಾಗೆ ಇಂತಿಷ್ಟು ಗಂಟೆ ಹಾರಿಸಿರಬೇಕು.

“ಇನ್ನು ಐವತ್ತೇ ನಿಮಿಷ ಬಾಕಿ ಅಣ್ಣ. ನಾಳೆಯಿಂದ ವಿಮಾನ ಸರ್ವಿಸಿಂಗಿಗೆ ಹೋಗುತ್ತೆ. ಬುಧವಾರ ಎಕ್ಸಾಮಿನರ್ ಬರ್ತಾರೆ. ಇವತ್ತೇ ಮುಗಿಸ್ಬೇಕು. ಹಿಂದಿನ ಸೀಟು ಖಾಲಿ ಇದೆ, ಬರ್ತೀಯಾ?” ಎಂದಳು.

ದೇವನಹಳ್ಳಿಯ ಹೈಸ್ಕೂಲು ಮೇಷ್ಟರಿಗೆ ಇಂಥ ಆಹ್ವಾನ ಇನ್ನೊಮ್ಮೆ ಬಂದೀತೇ? ಹೋದೆ.

ಮೇಲೆ ಹೋದ ಕೂಡಲೇ ಸರೋಜ ಒಂದು ವಿಚಿತ್ರ ಟೋಪಿ ಹಾಕಿಕೊಂಡಳು. ಜಟಕಾ ಕುದುರೆಯ ಕಣ್ಣುಪಟ್ಟಿಯ ಹಾಗೆ. ಅದನ್ನು ಹಾಕಿಕೊಂಡರೆ ಮೀಟರು ಬಿಟ್ಟು ಬೇರೇನೂ ಕಾಣದು. ಹೊರಗೆ ನೋಡುವ ಕೆಲಸ ಪಕ್ಕದಲ್ಲಿದ್ದ ಅವಳ ಗುರು ಕ್ಯಾಪ್ಟನ್ ರಾಮಸ್ವಾಮಿಯವರದು. ಹೊಸಕೋಟೆಯ ಕಡೆಯವರು, ಕಡಿಮೆ ಮಾತಿನವರು.

ಅರ್ಧ ಗಂಟೆ ಕಳೆದಿರಬೇಕು. ಘಾಟಿ ಬೆಟ್ಟದ ಕಡೆಯಿಂದ ಮೋಡ ಬಂದಿತು. ನಾವೆಣಿಸಿದ್ದಕ್ಕಿಂತ ಬೇಗ ಬಂದಿತು. ಹೊಲವಿಲ್ಲ, ಕೆರೆಯಿಲ್ಲ, ರೆಕ್ಕೆಯ ತುದಿಯೂ ಇಲ್ಲ. ಸುತ್ತ ಬರೀ ಬಿಳುಪು. ಕ್ಯಾಪ್ಟನ್ ರೇಡಿಯೋದಲ್ಲಿ ಕೆಳಗಿನವರಿಗೆ ತಿಳಿಸಿ, “ಈಗ ಟೋಪಿ ಯಾಕಮ್ಮ? ತೆಗಿ. ನಿಧಾನಕ್ಕೆ ಬಲಕ್ಕೆ ತಿರುಗಿಸಿ ವಾಪಸ್ ನಡಿ” ಎಂದರು. ತಾವು ಕೈ ಹಾಕಲಿಲ್ಲ.

ತಿರುಗಿಸಿ ಮತ್ತೆ ನೇರ ಮಾಡಿದಳು. ಆಗಲೇ ನನಗೆ ಖಚಿತವಾಗಿದ್ದು: ವಿಮಾನ ಎಡಕ್ಕೆ ವಾಲುತ್ತಿದೆ! ಹೊಟ್ಟೆ ಹೇಳುತ್ತಿದೆ, ಕಿವಿ ಹೇಳುತ್ತಿದೆ, ಬೆನ್ನುಮೂಳೆ ಹೇಳುತ್ತಿದೆ.

“ಸರೋಜಾ! ಎಡಕ್ಕೆ ಬೀಳ್ತಾ ಇದೀವಿ ಕಣೇ!”

“ಇಲ್ಲ ಅಣ್ಣ, ನೇರಕ್ಕೇ ಇದೀವಿ.” ತಲೆ ಸಹ ತಿರುಗಿಸಲಿಲ್ಲ. “ನನಗೂ ಬೀಳ್ತಿರೋ ಹಾಗೇ ಅನ್ನಿಸ್ತಿದೆ.”

ಯೋಚಿಸಿ ನೋಡಿ. ಅವಳ ಮೈಯೂ ಬೀಳುತ್ತಿದ್ದೇವೆ ಎಂದೇ ಕೂಗುತ್ತಿದೆ. ಆದರೂ ಅವಳ ಕೈ ಅಲುಗುತ್ತಿಲ್ಲ! ಕಣ್ಣು ಒಂದು ಮೀಟರಿನಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೆ ಮೊದಲಿನದಕ್ಕೆ ಹೋಗುತ್ತಿತ್ತು. ಅಷ್ಟೇ. ನಾನು ಎತ್ತಿ ಆಡಿಸಿದ ಕೂಸು ಇವಳೇ ಏನು?

ಮೋಡ ಹರಿಯಿತು. ಕೆಳಗೆ ಹೊಲಗಳು ಮಟ್ಟಸವಾಗಿ ಹರಡಿದ್ದವು. ವಿಮಾನ ನೆಟ್ಟಗಿತ್ತು. ವಾಲಿಕೊಂಡಿದ್ದವನು ನಾನೊಬ್ಬನೇ!

ಇಳಿದ ಮೇಲೆ ಕ್ಯಾಪ್ಟನ್ ಗಡಿಯಾರ ನೋಡಿ, “ಮೋಡದೊಳಗಿಂದೂ ಸೇರಿ ಐವತ್ತು ನಿಮಿಷ. ಬರ್ಕೊಳಮ್ಮ, ಸೈನ್ ಹಾಕ್ತೀನಿ” ಎಂದರು. ಸರೋಜ ಲಾಗ್‌ಬುಕ್ ತೆರೆದು ನಲವತ್ತು ಎಂದು ಬರೆದಳು.

“ಯಾಕಮ್ಮ?”

“ಮೊದಲ ಹತ್ತು ನಿಮಿಷ ಟೋಪಿ ಸಡಿಲ ಇತ್ತು ಸರ್. ಸಂದಿಯಿಂದ ಹೊಲ ಕಾಣ್ತಿತ್ತು. ನೋಡ್ಬಿಟ್ಟೆ.”

ಕ್ಯಾಪ್ಟನ್ ನಲವತ್ತಕ್ಕೇ ಸಹಿ ಹಾಕಿದರು. ಬುಧವಾರ ಎಕ್ಸಾಮಿನರ್ ಬಂದರು, ಬೇರೆಯವರನ್ನು ಪರೀಕ್ಷಿಸಿ ಹೋದರು. ಅವರು ಮತ್ತೆ ಬರುವುದು ಆರು ತಿಂಗಳಿಗಂತೆ.

ಆ ಭಾನುವಾರ ಬಸ್‌ಸ್ಟಾಂಡಿಗೆ ನಡೆಯುತ್ತಾ ನಾನು ತಡೆಯಲಾರದೆ ಬೈದೆ. “ಹತ್ತು ನಿಮಿಷ ಕಣೇ! ಯಾರಿಗೆ ಗೊತ್ತಾಗ್ತಿತ್ತು?”

“ನನಗೆ ಗೊತ್ತಲ್ಲ ಅಣ್ಣ” ಎಂದಳು. ಕಣ್ಣಂಚು ಒದ್ದೆಯಾಗಿತ್ತು. “ನಾಳೆ ನನ್ನ ಸ್ಟೂಡೆಂಟ್ ಅಂಥ ಮೋಡದೊಳಗೆ ಒಬ್ಬನೇ ಇರ್ತಾನೆ. ತನ್ನ ಮೈ ಹೇಳೋದನ್ನ ಬಿಟ್ಟು ನಾನು ಹೇಳಿಕೊಟ್ಟಿದ್ದನ್ನ ನಂಬಬೇಕು. ಅವನಿಗೆ ಏನಂತ ಕಲಿಸ್ಲಿ?”

ಮರುದಿನ ಸೋಮವಾರ ಕ್ಲಾಸಿಗೆ ಹೋಗಿ ಚಾಕ್‌ಪೀಸ್ ಹಿಡಿದೆ. ಮೇಷ್ಟರಾಗಿ ಇಷ್ಟು ವರ್ಷ ನಾನು ಕಲಿಸಿದ್ದರಲ್ಲಿ, ಸಂದಿಯಿಂದ ಕದ್ದು ನೋಡದೆ ನಾನೇ ನಿಜವಾಗಿ ಕಲಿತದ್ದು ಎಷ್ಟು?