ಹುಟ್ಟಿನಿಂದ ಬಂದದ್ದಂತೆ!

ಮೊನ್ನೆ ಬೆಳಿಗ್ಗೆ ನಮ್ಮ ಬೀದಿಯಲ್ಲಿ ಯಾರೋ ಹಳೆಯ ಟೂ-ಸ್ಟ್ರೋಕ್ ಬೈಕನ್ನು ಒದ್ದು ಒದ್ದು ಸ್ಟಾರ್ಟ್ ಮಾಡಿದರು. ಆಯಿಲ್ ಸುಟ್ಟ ನೀಲಿ ಹೊಗೆ ಕಿಟಕಿಯಿಂದ ಅಡುಗೆಮನೆಗೆ ನುಗ್ಗಿತು. ಬೇರೆಯವರಾದರೆ ಕಿಟಕಿ ಮುಚ್ಚುತ್ತಿದ್ದರು. ನಾನು ಒಗ್ಗರಣೆ ಸೀಯಲು ಬಿಟ್ಟು ಅದನ್ನೇ ಮೂಸುತ್ತ ನಿಂತೆ. ಮೂಸಿದಂತೆಲ್ಲ ಸಿಟ್ಟು ಬಂತು. ತೊಂಬತ್ತರ ದಶಕದ ಒಂದು ಭಾನುವಾರದ ಮೇಲಿನ ಸಿಟ್ಟು ಅದು. ನಮ್ಮ ಯಜಮಾನರು ಹೇಳುವಂತೆ, ನನಗೆ ಸಿಟ್ಟನ್ನು ಉಪ್ಪು ಹಾಕಿ ಇಟ್ಟುಕೊಳ್ಳುವ ಅಭ್ಯಾಸವಿದೆ.

ನಾವು ಕೆ.ಆರ್. ಪೇಟೆಯ ಕಮ್ಮಾರರ ಮನೆಯವರು. ಅಪ್ಪ ಕುಳ, ಕುಡುಗೋಲು ತಟ್ಟುತ್ತಿದ್ದರು. ಅಣ್ಣ ನಂಜುಂಡ ಅದೇ ಕುಲುಮೆಯ ಪಕ್ಕ ವೆಲ್ಡಿಂಗ್ ಅಂಗಡಿ ಇಟ್ಟಿದ್ದ. ಪೇಪರಿನಲ್ಲಿ ಮಣ್ಣಿನ ಹಾದಿಯ ಬೈಕ್ ರೇಸಿನ ಚಿತ್ರ ನೋಡಿದ್ದೇ ತಡ, ಅವನಿಗೆ ಹುಚ್ಚು ಹಿಡಿಯಿತು. ಗುಜರಿಗೆ ಬಂದ ಟೂ-ಸ್ಟ್ರೋಕ್ ಬೈಕೊಂದನ್ನು ಬಿಚ್ಚಿ, ಎತ್ತರಿಸಿ, ದಿಬ್ಬ ಹಾರುವ ಗಾಡಿ ಮಾಡಿಕೊಂಡ.

ಸಂತೆಬಾಚಹಳ್ಳಿ ಕಡೆಯ ಒಣಗಿದ ಕೆರೆಯಂಗಳದಲ್ಲಿ ಅಭ್ಯಾಸ. ಬಿ.ಎ. ಮುಗಿಸಿ, ಗಂಡು ನೋಡುತ್ತಿದ್ದ ಮನೆಯಲ್ಲಿ ಬೇಸತ್ತು ಕೂತಿದ್ದ ನಾನು ಅವನ ಹಿಂದೆ ಹತ್ತಿ ಹೋಗುತ್ತಿದ್ದೆ. ಕಲ್ಲು ಆರಿಸುವುದು, ಬಿದ್ದವನನ್ನು ಬೈಯುವುದು ನನ್ನ ಕೆಲಸ. ಎರಡನೆಯದರಲ್ಲಿ ಚೆನ್ನಾಗಿ ಪಳಗಿದೆ. ಏಕೆಂದರೆ ಅವನು ತಿರುವಿನಲ್ಲೂ ಬೀಳುತ್ತಿದ್ದ, ದಿಬ್ಬದಲ್ಲೂ ಬೀಳುತ್ತಿದ್ದ. ತರಚಿದ ಮೊಣಕೈ ಅವ್ವನಿಗೆ ಕಾಣಬಾರದೆಂದು ಬಿರುಬೇಸಗೆಯಲ್ಲೂ ತುಂಬುತೋಳಿನ ಅಂಗಿ ಹಾಕುತ್ತಿದ್ದ. "ಹಾರ್ದಾಗ ನೆಲ ನೋಡಬಾರ್ದು ಕಣಮ್ಮಿ, ಮುಂದಿನ ತಿರುವು ನೋಡ್ಬೇಕು" ಎಂಬ ಒಂದೇ ಒಂದು ಪಾಠ ಅವನ ತಲೆಗೆ ಹತ್ತಲು ಆ ಬೇಸಗೆ ಪೂರ್ತಿ ಹಿಡಿಯಿತು.

ಮುಂದಿನ ವರ್ಷ ಪಾಂಡವಪುರದ ಹೊರಗೆ, ಕುಂತಿಬೆಟ್ಟ ಕಾಣುವ ಬಯಲಿನಲ್ಲಿ ಒಂದು ಭಾನುವಾರ ರೇಸು ಇಟ್ಟರು. ನಾಗಮಂಗಲದಿಂದ, ಶ್ರೀರಂಗಪಟ್ಟಣದಿಂದ ಜನ ಟ್ರಾಕ್ಟರುಗಳಲ್ಲಿ ಬಂದಿದ್ದರು. ಓಡಿಸುವವರಲ್ಲಿ ಎರಡು ಕ್ಲಾಸು: ಹೊಸಬರದೊಂದು, ನುರಿತವರದೊಂದು. ಯಾವ ರೇಸನ್ನೂ ಗೆಲ್ಲದವನು ಹೊಸಬ. ಒಮ್ಮೆ ಕಪ್ಪು ಗೆದ್ದರೆ ಮುಂದಿನ ಸಲ ನುರಿತವರ ಜೊತೆ. ಒಳ್ಳೆಯ ನಿಯಮವೇ.

ಫೈನಲಿಗೆ ಆರಿಸುವ ಬೆಳಗಿನ ಓಟದಲ್ಲಿ ಅಣ್ಣ ಎಷ್ಟು ಮುಂದಿದ್ದನೆಂದರೆ, ಅವನು ಹೆಲ್ಮೆಟ್ಟು ತೆಗೆದು ನೀರು ಕುಡಿಯುವಾಗ ಎರಡನೆಯವನು ಬಂದ. ಆ ಎರಡನೆಯವನು ರೇಸು ನಡೆಸುತ್ತಿದ್ದ ಮೈಸೂರಿನ ದೊಡ್ಡ ಮನುಷ್ಯರ ಅಕ್ಕನ ಮಗ. ಹೊಸ ಬೈಕು, ಕಲಿಸಲು ಕೋಚು, ಎಲ್ಲವೂ ಇತ್ತು. ಹಿಂದಿನ ವರ್ಷ ಬೇರೆ ಊರಿನಲ್ಲಿ ಅವನು ಕಪ್ಪು ಗೆದ್ದದ್ದನ್ನು ಅವನ ಗೆಳೆಯರೇ ಕೊಚ್ಚಿಕೊಳ್ಳುತ್ತಿದ್ದರು.

ಸ್ವಲ್ಪ ಹೊತ್ತಿಗೆ ಅವನ ಮಾವ, ಆ ದೊಡ್ಡ ಮನುಷ್ಯರೇ, ಮೈಕು ಹಿಡಿದರು. "ಇದು ನ್ಯಾಚುರಲ್ ಟ್ಯಾಲೆಂಟು! ಹುಟ್ಟಿನಿಂದ ಬಂದದ್ದು! ಇಂಥವರನ್ನ ಹೊಸಬರ ಜೊತೆ ಬಿಟ್ಟರೆ ಹೊಸಬರಿಗೆ ಅನ್ಯಾಯ. ನಂಜುಂಡ ಅವರು ಮಧ್ಯಾಹ್ನ ನುರಿತವರ ಜೊತೆ ಓಡಿಸ್ತಾರೆ!"

ಜನ ಶಿಳ್ಳೆ ಹೊಡೆದರು. ಅಣ್ಣ ಹಲ್ಲು ಬಿಟ್ಟ. ನಾನು ನೇರ ಶಾಮಿಯಾನಕ್ಕೆ ಹೋದೆ.

"ಅವ್ನು ರೇಸಿಗೆ ಬಂದಿರೋದೇ ಇವತ್ತು. ನಿಮ್ಮ ರೂಲ್ಸು ಏನಾಯ್ತು ಸಾರ್?"

"ನೋಡಮ್ಮ, ನಿಮ್ಮಣ್ಣನಿಗೆ ಗೌರವ ಕೊಟ್ಟಿದ್ದೀವಿ. ಖುಷಿಪಡಿ."

"ಆ ಗೌರವ ನಿಮ್ಮಕ್ಕನ ಮಗನಿಗೇ ಕೊಡಿ. ಹೋದ್ವರ್ಷನೇ ಗೆದ್ದವ್ರಲ್ಲ!"

"ಅದು ಬೇರೆ. ಅವನು ಕಷ್ಟಪಟ್ಟು ಕಲಿತವನು. ನಿಮ್ಮಣ್ಣನದು ಹುಟ್ಟುಗುಣ."

ನೀವೇ ಹೇಳಿ, ಇದನ್ನು ಹೇಗೆ ನುಂಗುವುದು? ಕೋಚು ಇಟ್ಟುಕೊಂಡು ಕಲಿತರೆ ಕಷ್ಟ. ಕೆರೆಯಂಗಳದಲ್ಲಿ ಚರ್ಮ ಸುಲಿಸಿಕೊಂಡು ಕಲಿತರೆ ಹುಟ್ಟುಗುಣ! ಹೊಗಳಿಕೆಯ ಒಂದೇ ಮಾತಿನಲ್ಲಿ ಅವನ ಬೆವರನ್ನೂ ಒರೆಸಿ ಹಾಕಿದರು, ಕೈಗೆ ಬಂದಿದ್ದ ಕಪ್ಪನ್ನೂ ಕಿತ್ತುಕೊಂಡರು. ನಾನು ಇನ್ನೂ ಕೂಗಾಡುತ್ತಿದ್ದೆನೇನೋ, ಅಣ್ಣ ಬಂದು ಕೈ ಹಿಡಿದು ಎಳೆದ.

"ಬುಡವ್ವ ಅತ್ಲಾಗೆ. ದೊಡ್ಡೋರ್ ಜೊತೆ ಬುಡ್ತಾವ್ರೆ, ಓಡುಸ್ತೀನಿ." ಅವನ ಕಣ್ಣು ಹೊಳೆಯುತ್ತಿತ್ತು. ಅದು ನನಗೆ ಇನ್ನೂ ಉರಿ.

ನುರಿತವರ ಕ್ಲಾಸಿಗೆಂದು ದಿಬ್ಬಗಳನ್ನು ಎತ್ತರಿಸಿದ್ದರು. ಅವರ ಗಾಡಿಗಳು ಅಂಥ ಎತ್ತರದಿಂದ ಇಳಿಯಲೆಂದೇ ಮಾಡಿದವು. ಅಣ್ಣನದು ಗುಜರಿ. ಎರಡನೆಯ ಸುತ್ತಿನಲ್ಲೇ ಇಳಿಯುವಾಗ ಮುಂದಿನ ಚಕ್ರ ಹಿಡಿದಿರುವ ಫೋರ್ಕು ಮುರಿದು ಅವನು ಮಗುಚಿಬಿದ್ದ. ಹೆಗಲ ಮೂಳೆ ಮುರಿದಿತ್ತು. ಅವನನ್ನು ಜೀಪಿಗೆ ಏರಿಸುವಾಗ ಮೈಕಿನಲ್ಲಿ ಹೊಸಬರ ಕಪ್ಪು ಯಾರದೆಂದು ಸಾರುತ್ತಿದ್ದರು. ಯಾರದೆಂದು ನಾನು ಹೇಳಬೇಕಾಗಿಲ್ಲ.

ಮುಂದಿನ ವರ್ಷ ಹೊಸಬರ ಕ್ಲಾಸಿಗೆ ಸೇರಲು ಹೋದರೆ, "ನೀವೀಗ ನುರಿತವರು" ಎಂದು ವಾಪಸು ಕಳಿಸಿದರು. ಅಣ್ಣ ಗಾಡಿ ಮಾರಿಬಿಟ್ಟ. ನನ್ನ ಹೊಟ್ಟೆ ಉರಿಸಿದ್ದು ಅದಕ್ಕಿಂತ ಬೇರೆಯದು. ಅಂಗಡಿಗೆ ಬಂದವರಿಗೆಲ್ಲ ಅವನೇ ಹೇಳುತ್ತಿದ್ದ: "ಹುಟ್ಟಿನಿಂದ ಬಂದದ್ದು ಅಂತ ಮೈಕಲ್ಲೇ ಅಂದ್ರು ಕಣ್ಲಾ!" ಅವನ ಪಾಲಿಗೆ ಕೆರೆಯಂಗಳ ಇರಲೇ ಇಲ್ಲ.

ಮೊನ್ನೆ ಹೊಗೆ ಕುಡಿದ ದಿನವೇ ಬಸ್ಸು ಹತ್ತಿ ಅಣ್ಣನ ಮನೆಗೆ ಹೋದೆ. ಅವನ ಮಗಳು ಚಂದನ ಮಂಡಿಗೆ ಬ್ಯಾಂಡೇಜು ಸುತ್ತಿಕೊಂಡು ಕೂತಿದ್ದಳು. ಸ್ಕೂಟರು ಕಲಿಯಲು ಹೋಗಿ ಬಿದ್ದು, ಇನ್ನು ಮುಟ್ಟುವುದಿಲ್ಲ ಎಂದಿದ್ದಳಂತೆ.

"ಅಪ್ಪಂಗೆ ಹುಟ್ಟಿನಿಂದ್ಲೇ ಬಂದಿತ್ತು ಅತ್ತೆ. ನಂಗೆ ಬಂದಿಲ್ಲ, ಬುಡಿ."

ನಾನು ಅಣ್ಣನ ಕಡೆ ತಿರುಗಿದೆ. "ಎಷ್ಟು ಬಿದ್ದೆ ಅಂತ ನೀನ್ ಹೇಳ್ತೀಯೋ, ನಾನ್ ಹೇಳ್ಲೋ?"

ಅಣ್ಣ ಕಾಫಿ ಲೋಟ ಕೆಳಗಿಟ್ಟ. ಮಗಳಿಗೆ ಹೇಳಿದ: "ಒಂದ್ಸಲ ನಿಂತಿದ್ದ ಗಾಡಿಯಿಂದ್ಲೇ ಬಿದ್ದಿದ್ದೆ ಕಣವ್ವ. ನಿಮ್ಮತ್ತೆ ನಕ್ಕೂ ನಕ್ಕೂ ಅತ್ಬುಟ್ಟಿದ್ಲು."

ಚಂದನ ಕಣ್ಣರಳಿಸಿದಳು. ಆಮೇಲೆ ಒಂದೊಂದಾಗಿ ಕೇಳತೊಡಗಿದಳು. ಅಣ್ಣ ಒಂದೊಂದಾಗಿ ಹೇಳುತ್ತ ಹೋದ. ಅವನು ಬಿದ್ದದ್ದರಲ್ಲಿ ನಾನು ಮರೆತಿದ್ದ ಎಷ್ಟೋ ಅವನಿಗೆ ನೆನಪಿದ್ದವು. ಸಂಜೆ ಮೂವರೂ ಸ್ಕೂಟರು ತಳ್ಳಿಕೊಂಡು ಬೀದಿಗೆ ಇಳಿದೆವು. ಮೈಕಿನ ಮೇಲಿನ ನನ್ನ ಸಿಟ್ಟು ಇಳಿದಿಲ್ಲ, ಇಳಿಸುವುದೂ ಇಲ್ಲ; ಅಣ್ಣನ ಮೇಲಿದ್ದದ್ದು ಮಾತ್ರ ಅವತ್ತು ಇಳಿಯಿತು.

ಚಂದನ ತಿರುವಿನಲ್ಲಿ ಮತ್ತೆ ಬಿದ್ದಳು. ಎದ್ದು, ಸ್ಕೂಟರಿಗೆ ಬೈದು, ಮತ್ತೆ ಹತ್ತಿದಳು.

"ಇದೇನ್ ಮಹಾ," ಎಂದ ಅಣ್ಣ ಹೆಮ್ಮೆಯಿಂದ, "ನಾನು ಇದಕ್ಕಿಂತ ಜೋರಾಗ್ ಬೀಳ್ತಿದ್ದೆ."