ಬಾಗಿಲ ಹಿಂದೆ ತಿರುಗುತ್ತಿದ್ದ ಫ್ಯಾನು

ಮದ್ದೂರು ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಶಶಿಧರನ ಅಂಗಡಿ ಎಲ್ಲಿ ಅಂತ ಕೇಳಿದರೆ ಜನ ಮುಖ ಮುಖ ನೋಡುತ್ತಾರೆ. ಡಬ್ಬ ರಿಪೇರಿ ಶಶಿ ಅಂದರೆ ಕಣ್ಣು ಮುಚ್ಚಿಕೊಂಡು ದಾರಿ ತೋರಿಸುತ್ತಾರೆ. ಡಬ್ಬ ಎಂದರೆ ಬೇರೇನಲ್ಲ, ಕಂಪ್ಯೂಟರಿನ ಹೊಟ್ಟೆಯೊಳಗೆ ಕೂತು ಗೋಡೆಯ ಕರೆಂಟನ್ನು ಹದ ಮಾಡಿ ಉಳಿದ ಭಾಗಗಳಿಗೆ ಹಂಚುವ ತಗಡಿನ ಪೆಟ್ಟಿಗೆ. ಅದು ಕೆಟ್ಟರೆ ಉಳಿದ ಅಂಗಡಿಯವರು ಹೊಸದು ಹಾಕಿ ಕೈತೊಳೆದುಕೊಳ್ಳುತ್ತಾರೆ, ಇವನು ಬಿಚ್ಚಿ ಕೂರುತ್ತಾನೆ. ಗೆಜ್ಜಲಗೆರೆಯ ಕಾರ್ಖಾನೆಯೊಂದರಲ್ಲಿ ಬಹಳ ವರ್ಷ ಎಲೆಕ್ಟ್ರೀಷಿಯನ್ ಆಗಿದ್ದು, ಅದು ಮುಚ್ಚಿಕೊಂಡ ಮೇಲೆ ಈ ಕಸುಬು ಹಿಡಿದವನು. ದಿನವೂ ನಿಡಘಟ್ಟದಿಂದ ಬೈಕಿನಲ್ಲಿ ಬರುತ್ತಾನೆ, ಬರುವಾಗಲೇ ಬಾಯಲ್ಲಿ ಬೈಗುಳ ಸಿದ್ಧವಿರುತ್ತದೆ.

ದೃಷ್ಟಿಯಾಗಿದೆ ಎಂದು ಕಂಪ್ಯೂಟರಿಗೆ ನಿಂಬೆಹಣ್ಣು ಕಟ್ಟಿಕೊಂಡು ತರುವವರೂ ಇದ್ದಾರೆ. ಅಂಥವರು ಸಿಕ್ಕರೆ ಶಶಿಧರನಿಗೆ ಹಬ್ಬ. ಆ ನಿಂಬೆಹಣ್ಣನ್ನೇ ಹಿಂಡಿ ಪಾನಕ ಮಾಡಿಸಿ ಅವರಿಗೇ ಕುಡಿಸಿ ಕಳಿಸಿದ್ದುಂಟು. ದೆವ್ವ ಅನ್ನುವುದು ಎಲ್ಲಿದ್ದರೂ ಕೊನೆಗೆ ಡಬ್ಬದೊಳಗೆ ಕರೆಂಟು ಕೂಡಿಡುವ, ಒಣಗಿದ ಕೆಪಾಸಿಟರೇ ಅಂತ ಅವನ ಲೆಕ್ಕ. ಆ ಲೆಕ್ಕ ತಪ್ಪಿಲ್ಲ, ಇವತ್ತಿಗೂ ತಪ್ಪಿಲ್ಲ. ಆದರೆ ಶಿವಪುರದ ಮಲ್ಲಿಗಮ್ಮನ ಮನೆಗೆ ಹೋಗಿ ಬಂದ ಮೇಲೆ ಅದನ್ನು ಅವನು ಗಟ್ಟಿಯಾಗಿ ಹೇಳುವುದನ್ನು ಬಿಟ್ಟಿದ್ದಾನೆ.

ಆ ಮನೆಯ ಕಂಪ್ಯೂಟರನ್ನು ಆಟೋದಲ್ಲಿ ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ತಂದವಳು ಸೊಸೆ ಶ್ವೇತ. ಅವಳ ಗಂಡ ಸ್ವರೂಪ ಮನೆಯ ಮುಂದಿನ ಕೋಣೆಯಲ್ಲಿ ಕೂತು ಲಗ್ನಪತ್ರಿಕೆ ವಿನ್ಯಾಸ ಮಾಡುತ್ತಿದ್ದ. ಮಂಡ್ಯದಿಂದ ವಾಪಸು ಬರುವಾಗ ಬೈಕ್ ಸಮೇತ ನಾಲೆಗೆ ಬಿದ್ದು ತೀರಿಹೋದ. ಇಷ್ಟನ್ನು ಅವಳು ತಲೆ ತಗ್ಗಿಸಿಕೊಂಡು ಹೇಳಿದಳು. ಆಮೇಲಿನದನ್ನು ಹೇಳಲು ಅವಳಿಗೆ ನಾಚಿಕೆಯೋ ಭಯವೋ, ಮಾತು ಮತ್ತೆ ಮತ್ತೆ ನಿಂತಿತು.

ಈ ಸೀಮೆಯಲ್ಲಿ ತಿಥಿಯ ದಿನ ಸತ್ತವರಿಗೆ ಇಷ್ಟವಾದದ್ದೆಲ್ಲ ಮಾಡಿ, ಎಡೆ ಇಟ್ಟು, ಬಾಗಿಲು ಎಳೆದುಕೊಂಡು ಎಲ್ಲರೂ ಹೊರಗೆ ನಿಲ್ಲುತ್ತಾರೆ. ಹೋದ ಜೀವ ಬಂದು ಉಣ್ಣಬೇಕಲ್ಲ, ಅದಕ್ಕೆ ಒಂದಿಷ್ಟು ಹೊತ್ತು ಕೊಡಬೇಕು. ಅದು ಉಣ್ಣುವುದನ್ನು ಯಾರೂ ನೋಡಕೂಡದು. ಆಮೇಲೆ ಬಾಗಿಲು ತಟ್ಟಿ ಒಳಗೆ ಹೋಗಬೇಕು. ಸ್ವರೂಪನ ಎಡೆಯನ್ನು ಮಲ್ಲಿಗಮ್ಮ ಅವನ ಕಂಪ್ಯೂಟರಿನ ಮುಂದೆಯೇ ಇಟ್ಟಳು. ಕೋಣೆಗೆ ಕಾಲಿಟ್ಟವನು ಮೊದಲು ಗೋಡೆಯ ಸ್ವಿಚ್ ಹಾಕುತ್ತಿದ್ದ ಎಂದು ನೆನಪಾಗಿ ಅದನ್ನೂ ಹಾಕಿ ಬಾಗಿಲೆಳೆದಳು. ಕಂಪ್ಯೂಟರು ಆಗಲೇ ಕೆಟ್ಟಿತ್ತು, ಗುಂಡಿ ಒತ್ತಿದರೂ ಏಳುತ್ತಿರಲಿಲ್ಲ. ಮುಚ್ಚಿದ ಬಾಗಿಲ ಹಿಂದೆ ಅವತ್ತು ಅದು ತಾನಾಗಿ ಎದ್ದಿತು. ಅದರ ಹೊಟ್ಟೆಯೊಳಗಿನ ಫ್ಯಾನು ತಿರುಗುವ ಸದ್ದು ಹೊರಗೆ ನಿಂತಿದ್ದ ನೆಂಟರಿಷ್ಟರಿಗೆಲ್ಲ ಕೇಳಿಸಿತು.

ಅಲ್ಲಿಂದ ದಿನವೂ ಅದೇ ಆಯಿತು. ಮಧ್ಯಾಹ್ನ ಮಗನಿಗೆ ಎಡೆ, ಸ್ವಿಚ್ಚು, ಬಾಗಿಲು. ಫ್ಯಾನಿನ ಸದ್ದು ಕೇಳಿದ ಮೇಲೆ ಬಾಗಿಲು ತಟ್ಟಿ, ಸ್ವಿಚ್ ಆರಿಸಿ, ತಟ್ಟೆ ತಂದು, ಮಗ ಉಂಡ ಎಂದು ಮಲ್ಲಿಗಮ್ಮ ತಾನು ಉಣ್ಣುವಳು. ಹೆತ್ತ ಕರುಳಿಗೆ ಅಷ್ಟು ಸಾಕಾಗಿತ್ತು. ಆದರೆ ಬರಬರುತ್ತಾ ಆ ಸದ್ದು ತಡವಾಗತೊಡಗಿತು. ಮೊದಲು ಊದುಬತ್ತಿ ಉರಿದು ಮುಗಿಯುವುದರೊಳಗೆ ಕೇಳಿಸುತ್ತಿದ್ದದ್ದು ಈಗ ದನ ಮನೆಗೆ ಬರುವ ಹೊತ್ತಾದರೂ ಇಲ್ಲ. ಮಗ ದೂರ ದೂರ ಹೋಗುತ್ತಿದ್ದಾನೆ ಎಂದು ಮಲ್ಲಿಗಮ್ಮ ಬಾಗಿಲಿಗೆ ಕಿವಿಯಿಟ್ಟು ಕೂರುವಳು. ಮೊದಲೇ ಸಕ್ಕರೆ ಕಾಯಿಲೆಯವಳು. ಹಸಿದ ಹೊಟ್ಟೆಯಲ್ಲಿ ಎರಡು ಸಲ ಅಲ್ಲೇ ತಲೆಸುತ್ತಿ ಬಿದ್ದಿದ್ದಳು.

ಹೊಸ ಡಬ್ಬ ಹಾಕಿಬಿಡುತ್ತೇನೆ ಎಂದ ಶಶಿಧರ. ಅದೊಂದು ಬೇಡ, ಮಗ ಮುಟ್ಟಿದ್ದನ್ನು ಬದಲಾಯಿಸಿದರೆ ಅತ್ತೆ ಸುಮ್ಮನಿರುವುದಿಲ್ಲ ಎಂದಳು ಶ್ವೇತ. ಎದ್ದು ಹೊರಡುವಾಗ ಬಾಗಿಲಲ್ಲಿ ನಿಂತು ಕೇಳಿಕೊಂಡಳು: "ನಮ್ಮತ್ತೆ ವೊತ್ತಿಗ್ ಸರ್ಯಾಗಿ ಉಣ್ಣಂಗ್ ಮಾಡ್ಕೊಡಿ ಅಣ್ಣ. ನಂಗಷ್ಟೇ ಸಾಕು."

ಶಶಿಧರ ಪ್ಲಗ್ ಹಾಕಿ, ಕಂಪ್ಯೂಟರು ಮಲಗಿರುವಾಗಲೂ ಎಚ್ಚರವಾಗಿರಬೇಕಾದ ತಂತಿಗೆ ಮೀಟರಿನ ಮುಳ್ಳು ತಾಗಿಸಿದ. ಅಂಕಿ ತೀರಾ ಕೆಳಗಿತ್ತು, ಜ್ವರ ಬಂದವರ ಹಾಗೆ ನಡುಗುತ್ತಿತ್ತು. ಇದು ಇಷ್ಟೇ ಎಂದುಕೊಂಡು, ಪ್ಲಗ್ ಕೀಳದೆ, ಬೆನ್ನು ತಿರುಗಿಸಿ ಟೀ ಹೀರುತ್ತಾ ಓಣಿ ನೋಡುತ್ತಿದ್ದ. ಟೀ ಮುಗಿದು ಎಷ್ಟೋ ಹೊತ್ತಾಗಿತ್ತು. ಹಿಂದಿನಿಂದ ಯಾರೋ ಉಸಿರು ಬಿಟ್ಟಂತಾಗಿ ಫ್ಯಾನು ತಿರುಗಿತು. ಎಲ್ಲ ಗೊತ್ತಿದ್ದ ಶಶಿಧರನಿಗೂ ಮೈಮೇಲಿನ ಕೂದಲು ನಿಂತವು. ಲೋಟ ಕುಕ್ಕಿ, ಡಬ್ಬವನ್ನು ಅದರ ವಂಶ ಸಮೇತ ಬೈದ. ಬೈದ ಮೇಲೂ ತಿರುಗಿ ನೋಡಲು ಒಂದು ಗಳಿಗೆ ಬೇಕಾಯಿತು.

ಪ್ಲಗ್ ಕಿತ್ತ ಮೇಲೂ ಡಬ್ಬದೊಳಗೆ ಕರೆಂಟು ಅಡಗಿರುತ್ತದೆ, ಕೈ ಹಾಕಿದರೆ ಒದೆಯುತ್ತದೆ. ಅದನ್ನು ಇಳಿಸಲು ಅವನು ಒಂದು ಬಲ್ಬಿನ ತಂತಿ ಮುಟ್ಟಿಸುವುದು ವಾಡಿಕೆ. ಬಲ್ಬು ಒಮ್ಮೆ ಬೆಳಗಿ ಕೆಂಪಾಗಿ ಆರಿತು. ದಿನಾ ನೋಡುವ ಬೆಳಕು, ಅವತ್ತು ಅದನ್ನು ನೋಡಲು ಅವನಿಗೆ ಮನಸ್ಸಾಗಲಿಲ್ಲ. ಒಳಗೆ ಎಲ್ಲವೂ ಚೆನ್ನಾಗಿಯೇ ಕಂಡಿತು. ಮೂಲೆಯಲ್ಲಿದ್ದ ಒಂದು ಚಿಕ್ಕ ಕೆಪಾಸಿಟರಿನ ಮೇಲೆ ಅನುಮಾನ ಬಂದು, ಡಬ್ಬ ತಣ್ಣಗಾಗಲು ಬಿಟ್ಟು, ಬೆಸುಗೆ ಹಾಕುವ ಕಾದ ಕಬ್ಬಿಣವನ್ನು ಅದೊಂದರ ಪಕ್ಕ ಹಿಡಿದು ಬಿಸಿ ಮಾಡಿ, ಮತ್ತೆ ಪ್ಲಗ್ ಹಾಕಿ ನೋಡಿದ. ಡಬ್ಬ ಬೇಗನೆ ಎದ್ದಿತು. ಅಲ್ಲಿಗೆ ರೋಗ ಸಿಕ್ಕಿತು. ಒಳಗಿನ ರಸ ಒಣಗಿದ ಕೆಪಾಸಿಟರು ತಣ್ಣಗಿದ್ದಾಗ ಹೆಣ, ಸ್ವಿಚ್ ಹಾಕಿಟ್ಟು ನಿಧಾನಕ್ಕೆ ಬೆಚ್ಚಗಾದ ಮೇಲೆ ಜೀವ. ಒಣಗಿದಷ್ಟೂ ತಡ. ಪದೇ ಪದೇ ಕರೆಂಟು ಹೋಗುವ ಊರು ನೋಡಿ, ಕರೆಂಟು ಬಂದ ಕೂಡಲೇ ಕಂಪ್ಯೂಟರು ತಾನಾಗಿ ಏಳುವಂತೆ ಸ್ವರೂಪನೇ ಹಿಂದೊಮ್ಮೆ ಮಾಡಿಟ್ಟಿದ್ದ.

ಶಶಿಧರ ಹೊಸ ಕೆಪಾಸಿಟರು ಹಾಕಿದ. ಸ್ವರೂಪನ ಆ ಏರ್ಪಾಟನ್ನು ತೆಗೆದುಬಿಡಬಹುದಿತ್ತು. ಮುದುಕಿ ಇನ್ನು ಕಾಯದಿರಲಿ, ಸ್ವಿಚ್ ಹಾಕಿದ ತಕ್ಷಣ ಮಗ ಬಂದುಬಿಡಲಿ ಎಂದು ಬೇಕಂತಲೇ ಬಿಟ್ಟ. ಜೀವಮಾನದಲ್ಲಿ ಮೊದಲ ಸಲ ದೆವ್ವದ ಪರವಾಗಿ ಕೆಲಸ ಮಾಡಿದೆ ಎಂದು ತನ್ನಷ್ಟಕ್ಕೆ ನಕ್ಕ. ಅವನ ಎಣಿಕೆ ತಪ್ಪಿದ್ದು ಅಲ್ಲೇ.

ಮರುದಿನ ಮಧ್ಯಾಹ್ನ ತಾನೇ ಶಿವಪುರಕ್ಕೆ ಒಯ್ದು ಕೂರಿಸಿಕೊಟ್ಟ. ಮಲ್ಲಿಗಮ್ಮ ಮುದ್ದೆ, ಬಸ್ಸಾರು ತಂದು ಎಡೆ ಇಟ್ಟಳು, ಊದುಬತ್ತಿ ಹಚ್ಚಿದಳು, ಸ್ವಿಚ್ ಹಾಕಿದಳು. ಬಾಗಿಲು ಎಳೆದುಕೊಳ್ಳಲು ಹಿಂದಕ್ಕೆ ಒಂದು ಹೆಜ್ಜೆ ಇಟ್ಟಿರಲಿಲ್ಲ, ಫ್ಯಾನು ತಿರುಗಿತು, ದೀಪ ಹತ್ತಿತು. ಬಾಗಿಲು ಹಾರುಹೊಡೆದಿತ್ತು. ಕುರ್ಚಿ ಖಾಲಿ ಇತ್ತು. ಇಷ್ಟು ದಿನ ಬಾಗಿಲ ಹಿಂದೆ ನಡೆಯುತ್ತಿದ್ದದ್ದು ಅವಳ ಕಣ್ಣೆದುರಿಗೇ ನಡೆದುಹೋಗಿತ್ತು.

"ಯಾರೂ ಬರ್ನಿಲ್ಲ," ಅಂದಳು ಮಲ್ಲಿಗಮ್ಮ.

ಶ್ವೇತ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಯ್ಯೋ ಎನಿಸಿತು ಶಶಿಧರನಿಗೆ, ತನ್ನ ಕೈ ತನಗೇ ಬೇಡವೆನಿಸಿತು.

"ಅವ್ನು ಬರಾಕೆ ಒಸಿ ವೊತ್ತು ಬೇಕಾಗಿತ್ತು ಕಣಪ್ಪ," ಅಂದಳು ಅವಳು, ಸಿಟ್ಟಿಲ್ಲದೆ. "ಆ ವೊತ್ತನ್ನೇ ನೀನು ರಿಪೇರಿ ಮಾಡ್ಬುಟ್ಟೆ."

ಆಮೇಲೆ ಅವನ ತೋಳು ಹಿಡಿದು ಮಗನ ಕುರ್ಚಿಯಲ್ಲಿ ಕೂರಿಸಿದಳು. ಇಟ್ಟ ಎಡೆ ಹಂಗೇ ಎತ್ತಬಾರದು, ನೀನಾದರೂ ಉಣ್ಣು ಎಂದಳು. ಹೊರಗೆ ಹೋಗುತ್ತಾ, ತಿಳಿದೋ ಅಭ್ಯಾಸಬಲದಿಂದಲೋ, ಬಾಗಿಲು ಎಳೆದುಕೊಂಡಳು.

ಶಶಿಧರ ಒಬ್ಬನೇ ಉಳಿದ. ಪಕ್ಕದಲ್ಲಿ ಫ್ಯಾನು ತಿರುಗುತ್ತಿತ್ತು. ಸತ್ತವನ ತಟ್ಟೆಗೆ ಕೈ ಹಾಕಲು ಹೆದರಿಕೆಯಾಯಿತು, ಹಾಕದೆ ಎದ್ದು ಹೋಗಲು ಅದಕ್ಕಿಂತ ಹೆದರಿಕೆಯಾಯಿತು. ಮುದ್ದೆ ಮುರಿದು ಸಾರಿನಲ್ಲಿ ಹೊರಳಿಸಿ ನುಂಗಿದ. ಇನ್ನೊಂದು ತುತ್ತು ನುಂಗಿದ. ಬಾಗಿಲ ಆಚೆ ಅವಳು ಕಿವಿಯಿಟ್ಟು ಕೂತಿದ್ದಾಳೆ ಎಂದು ಅವನಿಗೆ ಗೊತ್ತಿತ್ತು.

ಬಾಗಿಲು ತಟ್ಟಿದ ಸದ್ದಾಯಿತು.

"ಉಂಡ್ಯಾ ಮಗ?"

ನಾನು ಶಶಿಧರ ಕಣಮ್ಮ ಅನ್ನಬಹುದಿತ್ತು.

"ಉಂಡೆ ಕಣವ್ವ," ಅಂದ.

ಬಾಗಿಲ ಆಚೆ ಮಲ್ಲಿಗಮ್ಮ ಸೊಸೆಯನ್ನು ಕರೆದು, ನಂಗೂ ಇಕ್ಕು ಅಂದಳು.