ಅಪ್ಪ ಬೆನ್ನು ಹಾಕಿ ಕೂತಿದ್ದ ಪಟ

ಪಟ ತೆಗೆದರೆ ಆಯಸ್ಸು ಕಮ್ಮಿಯಾಗುತ್ತದೆ ಅನ್ನುವವರನ್ನು ಕಂಡರೆ ನನಗೆ ನಗು ಬರುತ್ತಿತ್ತು. ಬರದೆ ಇನ್ನೇನು? ಪಟ ತೆಗೆಯುವುದೇ ನನ್ನ ಹೊಟ್ಟೆಪಾಡು. ಈಗ ನಗುವುದಿಲ್ಲ. ಹಾಗಂತ ನಂಬುತ್ತೀಯಾ ಅಂದರೆ, ಅದೂ ಗೊತ್ತಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ನೀವೇ ನೋಡಿ.

ಎರಡನೇ ಮಹಾಯುದ್ಧದ ಕಾಲ. ಮಂಡ್ಯದಲ್ಲಿ ನನ್ನದೊಂದು ಸಣ್ಣ ಸ್ಟುಡಿಯೋ, ಮನೆ ಯಲಿಯೂರಿನಲ್ಲಿ. ಸುತ್ತಿನ ಹಳ್ಳಿಯವರು ನನ್ನನ್ನು ಕರೆಯುತ್ತಿದ್ದದ್ದು ಯಾರಾದರೂ ಸತ್ತಾಗ ಮಾತ್ರ. ಹೆಣಕ್ಕೆ ಪೇಟ ಸುತ್ತಿ ಕುರ್ಚಿಯಲ್ಲಿ ಕೂರಿಸುತ್ತಿದ್ದರು. ಒಬ್ಬ ಹಿಂದೆ ನಿಂತು ತಲೆ ಹಿಡಿದುಕೊಳ್ಳುತ್ತಿದ್ದ, ನಾನು ಪಟ ತೆಗೆಯುತ್ತಿದ್ದೆ. ಮುಚ್ಚಿದ ಕಣ್ಣು ನೋಡಿ ನೋಡಿ ಸಾಕಾಗಿತ್ತು. ನಮ್ಮಪ್ಪನದಾದರೂ ಕಣ್ಣು ಬಿಟ್ಟ ಪಟ ಒಂದಿರಲಿ ಅಂತ ಆಸೆ. ಕೇಳಿದಾಗೆಲ್ಲ ಅಪ್ಪನದು ಒಂದೇ ಮಾತು: "ಸತ್ಮೇಲೆ ಎಂಗಿದ್ರೂ ತಗೀತೀಯಲ್ಲ, ಈಗ್ಯಾಕ್ಲಾ ಅವಸ್ರ?"

ಒಂದು ಮಧ್ಯಾಹ್ನ ಅರಳಿಕಟ್ಟೆಯ ಮೇಲೆ ಅಪ್ಪ, ಅವನ ಗೆಳೆಯರಾದ ಕೆಂಚಣ್ಣ, ನಿಂಗಣ್ಣ ಚೌಕಾಬಾರ ಆಡುತ್ತಿದ್ದರು. ಕಲ್ಲಿನ ಮೇಲೆ ಗೀಚಿದ ಮನೆಗಳು, ಬಳೆಚೂರು, ಹುಣಸೆಬೀಜ, ನಾಲ್ಕು ಕವಡೆ.

"ಲೇ ಬೋರ, ನಿನ್ ಕಾಯಿ ಅಣ್ಣಾಗೋ ವೊತ್ಗೆ ನಾವ್ ಮಣ್ಣಾಗಿರ್ತೀವಿ ಕಣ್ಲಾ," ಅಂದ ಕೆಂಚಣ್ಣ.

"ಮೊದ್ಲು ನೀನೋಗು. ನಂಗೂ ಒಸಿ ಜಾಗ ಇಡ್ಕಂಡಿರು," ಅಂದ ಅಪ್ಪ.

ನಾನು ಕ್ಯಾಮರಾ ಹಿಡಿದು ಎತ್ತಿನಗಾಡಿಯ ಮರೆಯಲ್ಲಿದ್ದೆ. ಅಪ್ಪ ನನಗೆ ಬೆನ್ನು ಹಾಕಿ ಕೂತಿದ್ದ. ಎದುರಿಗೆ ಹೋಗುವ ಧೈರ್ಯ ಎಲ್ಲಿತ್ತು? ಬೆನ್ನಾದರೂ ಸರಿ, ಜೀವ ಇರುವ ಬೆನ್ನು ಅಂತ ಒತ್ತಿಬಿಟ್ಟೆ. ಫಿಲಂ ಸಿಗದ ಕಾಲ. ಉಳಿದದ್ದೂ ಮುಗಿಯಲಿ ಅಂತ ರೋಲನ್ನು ಕ್ಯಾಮರಾದಲ್ಲೇ ಬಿಟ್ಟಿದ್ದೆ.

ಮರುದಿನವೇ ಅಪ್ಪನಿಗೆ ಚಳಿಜ್ವರ. ನಾಲೆ ನೀರು ಬಂದಾಗಿನಿಂದ ನಮ್ಮ ಕಡೆ ಅದು ಹೊಸದಲ್ಲ. ಕ್ವಿನೈನ್ ಕೊಟ್ಟರು, ಇಳಿಯಲಿಲ್ಲ. ಐದನೇ ದಿನ ಅಪ್ಪ ಗೋಡೆ ಕಡೆ ತಿರುಗಿ ಮಲಗಿದವನು ಯಾರು ಕರೆದರೂ ಓಗೊಡಲಿಲ್ಲ. ತಡೆಯಲಾರದೆ ಅವ್ವನಿಗೆ ಪಟದ ವಿಷಯ ಹೇಳಿಬಿಟ್ಟೆ. ಅವ್ವ ನನ್ನ ಕಾಲು ಹಿಡಿದಳು.

"ಸುಟ್ಟಾಕ್ಬುಡ್ಲಾ ಮಗ. ನಿನ್ ದಮ್ಮಯ್ಯ. ನಿಮ್ಮಪ್ಪನ್ನ ಉಳುಸ್ಕೊಡು."

ಹೆತ್ತವಳು ಕಾಲು ಹಿಡಿದ ಮೇಲೆ ನಂಬಿಕೆ ಏನು, ಅಪನಂಬಿಕೆ ಏನು. ಕ್ಯಾಮರಾ ಸ್ಟುಡಿಯೋದಲ್ಲಿತ್ತು, ಮಂಡ್ಯಕ್ಕೆ ಸೈಕಲ್ ತುಳಿದೆ. ರೋಲನ್ನು ಹಾಗೇ ಸುಡಬೇಕಿತ್ತು. ಸುಡಲಿಲ್ಲ. ಅಪ್ಪ ಹೋದರೆ ನನಗೆ ಉಳಿಯುವುದು ಇದೊಂದೇ, ಒಂದೇ ಸಲ ನೋಡಿಬಿಡೋಣ ಅನ್ನಿಸಿತು. ಕತ್ತಲೆಕೋಣೆಗೆ ಹೋಗಿ ಫಿಲಂ ತೊಳೆದೆ. ಒಣಗುವುದಕ್ಕೂ ಬಿಡದೆ ಒಂದು ಪ್ರಿಂಟು ಹಾಕಿದೆ.

ಕೆಂಪು ದೀಪದಲ್ಲಿ ಕಾಗದದ ಮೇಲೆ ಮೊದಲು ಕೆಂಚಣ್ಣನ ನಗು ಮೂಡಿತು. ಆಮೇಲೆ ಕವಡೆ ಎಸೆಯಲು ಎತ್ತಿದ ನಿಂಗಣ್ಣನ ಕೈ. ಆಮೇಲೆ ಅಪ್ಪ. ಬೆನ್ನಲ್ಲ, ಮುಖ. ಹೆಗಲ ಮೇಲಿಂದ ತಿರುಗಿ ನೇರ ನನ್ನನ್ನೇ ನೋಡುತ್ತಿದ್ದ. ಸಿಟ್ಟಿರಲಿಲ್ಲ. ಹೊರಗೆ ಮಧ್ಯಾಹ್ನದ ರೈಲು ಕೂಗಿತು.

ಒದ್ದೆ ಕಾಗದ, ಫಿಲಂ ಎರಡನ್ನೂ ಬಾಚಿಕೊಂಡು ಓಡಿ, ಪಕ್ಕದ ಹೋಟೆಲಿನ ಒಲೆಗೆ ತುರುಕಿದೆ.

ಊರು ಮುಟ್ಟುವಾಗಲೇ ಅವ್ವನ ಗೋಳು ಕೇಳಿಸಿತು.

"ರೈಲು ಕೂಗ್ತು ನೋಡು, ಆಗ ತಟ್ನೆ ಇತ್ಲಾಗ್ ತಿರುಕ್ಕಂಡ್ರು ಕಣಪ್ಪ," ಅಂದಳು. "'ಚೆಂದಾಗ್ ನೋಡ್ಕೊಳ್ಲಾ' ಅಂದ್ರು. ಅಲ್ಲಿ ಯಾರೂ ಇರ್ನಿಲ್ಲ. ಒಸಿ ವೊತ್ಗೆ ಓಗ್ಬುಟ್ರು."

ಆಡುವಾಗಲೇ ಅಪ್ಪ ಒಂದು ಗಳಿಗೆ ತಿರುಗಿರಬೇಕು, ನಾನು ಗಮನಿಸಿರಲಿಕ್ಕಿಲ್ಲ ಅಂತ ಕೆಂಚಣ್ಣನನ್ನು ಕೇಳಿದೆ. "ಎದುರ್ಗೇ ಕುಂತಿದ್ನಲ್ಲೋ. ಕವಡೆ ಬುಟ್ಟು ಅತ್ಲಾಗಿತ್ಲಾಗ್ ನೋಡ್ನಿಲ್ಲ ಅವ್ನು," ಅಂದ.

ಸಂಜೆ ಅಪ್ಪನಿಗೆ ಪೇಟ ಸುತ್ತಿ ಕುರ್ಚಿಯಲ್ಲಿ ಕೂರಿಸಿದರು. ಕೆಂಚಣ್ಣನೇ ಹಿಂದೆ ನಿಂತು ತಲೆ ಹಿಡಿದ. ಎಲ್ಲರೂ ನನ್ನ ಮುಖ ನೋಡಿದರು. ತೆಗೆದೆ.

ನಮ್ಮ ಮನೆ ಗೋಡೆಯ ಮೇಲಿರುವುದು ಅದೇ. ಅದರಲ್ಲಿ ಅಪ್ಪನ ಕಣ್ಣು ಮುಚ್ಚಿದೆ. ಗಾಡಿಯ ಮರೆಯಿಂದ ನಾನು ಕಂಡದ್ದು ಬೆನ್ನು, ಅದಂತೂ ಆಣೆಯಿಟ್ಟು ಹೇಳುತ್ತೇನೆ. ಕಾಗದದ ಮೇಲೆ ಕಂಡದ್ದು ಮುಖ, ಅದಕ್ಕೂ ಆಣೆ ಇಡುತ್ತೇನೆ. ತೋರಿಸು ಅಂದರೆ ತೋರಿಸಲು ನನ್ನ ಹತ್ತಿರ ಏನೂ ಇಲ್ಲ.